ಬ್ರದರ್ ಹೋಬರ್ಟ್ ಬರೆಯದೆ ಬಿಟ್ಟ ಮದುವೆಗಳು

ಲಾರ್ಕಿನ್ ಕೌಂಟಿ ಕಚೇರಿಗೆ ಹಳೆಯ ಕಾಗದ ಹುಡುಕಿಕೊಂಡು ಬಂದವರಿಗೆ ಮೊದಲು ಸಿಗುತ್ತಿದ್ದುದು ಕಾಗದವಲ್ಲ, ಮೊಜೆಲ್ ಕಾಡಿಲಳ ನಿಟ್ಟುಸಿರು. ಅದರಲ್ಲಿ ಸಿಟ್ಟಿರಲಿಲ್ಲ, ತಾತ್ಸಾರವೂ ಇರಲಿಲ್ಲ. ಕಾಲೇಜಿನ ಮುಖ ಕಾಣದೆ, ಇನ್ನೂ ಮೊಡವೆ ಆರದ ವಯಸ್ಸಿನಲ್ಲಿ ಆ ಕಿಟಕಿಯ ಹಿಂದೆ ಬಂದು ಕೂತವಳು ಅರವತ್ತು ದಾಟಿದರೂ ಅಲ್ಲೇ ಕೂತಿದ್ದಳು. ಒಂದೇ ಮಾತನ್ನು ಅಷ್ಟು ವರ್ಷ ಹೇಳಿದರೆ ಯಾರಿಗಾದರೂ ಉಸಿರು ಉದ್ದವಾಗುತ್ತದೆ.

"ಹುಟ್ಟಿದ್ದು ಬೇಕಾ? ಅದು ಇಲ್ಲಿರಲ್ಲ, ರಾಜಧಾನಿಗೆ ಬರೀಬೇಕು. ಸತ್ತಿದ್ದೂ ಅಲ್ಲೇ. ಜಗಳ, ವಿಚ್ಛೇದನ, ಜೈಲು ಎಲ್ಲಾ ಮೇಲ್ಗಡೆ ಮಹಡಿ. ಜಮೀನು, ಉಯಿಲು, ಮದುವೆ ನನ್ನ ಹತ್ರ. ಕಾರಿನ ನಂಬರ್ ಪ್ಲೇಟಾದ್ರೆ ಪಕ್ಕದ ಕಿಟಕಿ, ಹೋಗಿ ಸಾಲಲ್ಲಿ ನಿಂತ್ಕೊಳ್ಳಿ."

ಬೇಸಿಗೆ ಬಂತೆಂದರೆ ಒಹಾಯೊ, ಇಂಡಿಯಾನಾ ಕಡೆಯಿಂದ ವಂಶವೃಕ್ಷ ಹುಡುಕುವವರು ಹಿಂಡುಗಟ್ಟಿ ಬರುತ್ತಿದ್ದರು. ಇವರ ಅಜ್ಜಂದಿರು ಕೆಲಸಕ್ಕೆಂದು ಈ ಬೆಟ್ಟಗಳನ್ನು ಬಿಟ್ಟು ಕಾರ್ಖಾನೆಗಳ ಊರಿಗೆ ಹೋದವರು. ಬಂದವರೆಲ್ಲರ ಮುತ್ತಜ್ಜಿಯೂ ಚೆರೊಕೀ ಬುಡಕಟ್ಟಿನ ರಾಜಕುಮಾರಿಯೇ. ಹಾಗೇನೂ ಬರೆದಿಲ್ಲ ಎಂದರೆ ಮುಖ ಊದಿಸಿಕೊಂಡು, ಏನೋ ಮೊಜೆಲಳೇ ರಾತ್ರೋರಾತ್ರಿ ರಾಜಕುಮಾರಿಯನ್ನು ಅಳಿಸಿ ಹಾಕಿದವಳೆಂಬಂತೆ ನೋಡುತ್ತಿದ್ದರು. ಚಳಿಗಾಲದಲ್ಲಿ ನೆಲದಡಿಯ ಗ್ಯಾಸಿನ ಹಕ್ಕು ಹುಡುಕುವ ಕಂಪನಿಯವರು, ಬೇಲಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು. ಮಧ್ಯಾಹ್ನ ಅವಳು ಮಾಂಸದ ತುಣುಕಿಟ್ಟ ಬ್ರೆಡ್ಡು ಬಿಚ್ಚಿದ ಗಳಿಗೆಗೇ ಯಾರಾದರೂ ಕಿಟಕಿ ತಟ್ಟುತ್ತಿದ್ದರು. ಅರ್ಧ ಬ್ರೆಡ್ಡು ಸಂಜೆಯವರೆಗೆ ಹಾಗೇ ಕೂತಿರುತ್ತಿತ್ತು.

ಊರಿನ ಮದುವೆಗಳನ್ನೆಲ್ಲ ಕಪಾಟಿನಲ್ಲಿ ಇಟ್ಟುಕೊಂಡವಳು ತಾನು ಮಾತ್ರ ಒಂದಕ್ಕೂ ಅರ್ಜಿ ಹಾಕಲಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದುದುಂಟು. ಮೊಜೆಲ್ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ತಲೆ ತಿನ್ನುತ್ತಿದ್ದುದು ತನ್ನ ಮದುವೆಯಲ್ಲ, ತನ್ನ ಅಪ್ಪ ಮಾಡಿಸಿದ ಮದುವೆಗಳು.

ಅಪ್ಪ ಹೋಬರ್ಟ್ ಕಾಡಿಲ್ ವಾರವೆಲ್ಲ ಕಲ್ಲಿದ್ದಲು ಗಣಿಯಲ್ಲಿ ಮೊಣಕಾಲ ಮೇಲೆ ಕೆಲಸ ಮಾಡುತ್ತಿದ್ದ, ಭಾನುವಾರ ಸ್ಟಿಲ್‌ಹೌಸ್ ಹಳ್ಳದ ಪುಟ್ಟ ಚರ್ಚಿನಲ್ಲಿ ನಿಂತು ಬೋಧಿಸುತ್ತಿದ್ದ. ಬೋಧನೆಗೆ ಬಿಡಿಗಾಸು ಮುಟ್ಟಿದವನಲ್ಲ. ಆ ಚರ್ಚಿನವರು ಒಬ್ಬರನ್ನೊಬ್ಬರು ಬ್ರದರ್, ಸಿಸ್ಟರ್ ಎಂದೇ ಕರೆಯುತ್ತಿದ್ದರು. ಆ ಹಳ್ಳದ ಉದ್ದಕ್ಕೂ ಯಾರ ಮನೆಯಲ್ಲಿ ಮದುವೆಯಾದರೂ ಬ್ರದರ್ ಹೋಬರ್ಟನೇ ಬೇಕು. ಅವನು ಪ್ರಾರ್ಥನೆಗೆ ನಿಂತರೆ ಮರದ ಗೋಡೆಯೂ ಅಳುತ್ತದೆ ಎನ್ನುತ್ತಿದ್ದರು. ಗಂಡುಹೆಣ್ಣು ಕೌಂಟಿ ಕಚೇರಿಗೆ ಹೋಗಿ ಲೈಸೆನ್ಸ್ ತರುತ್ತಿದ್ದರು. ಕಚೇರಿಯ ದೊಡ್ಡ ಮದುವೆ ಪುಸ್ತಕದಲ್ಲಿ ಒಂದು ಪುಟದ ಮೇಲಿನ ಅರ್ಧದಲ್ಲಿ ಇಬ್ಬರ ಹೆಸರು ಬೀಳುತ್ತಿತ್ತು. ಮದುವೆ ಮಾಡಿಸಿದ ಬೋಧಕ ಆ ಲೈಸೆನ್ಸಿಗೆ ಸಹಿ ಹಾಕಿ ಕಚೇರಿಗೆ ಮರಳಿಸಬೇಕು, ಆಮೇಲೆ ಪುಟದ ಕೆಳಗಿನ ಅರ್ಧ ತುಂಬುತ್ತದೆ. ಅಲ್ಲಿಗೆ ಮದುವೆ ದಾಖಲಾದಂತೆ.

ಬ್ರದರ್ ಹೋಬರ್ಟ್ ಒಂದನ್ನೂ ಮರಳಿಸಲಿಲ್ಲ. ಮರೆವಿನಿಂದಲ್ಲ, ಹಟದಿಂದ. ಮದುವೆ ದೇವರ ಕೆಲಸ, ಅದರಲ್ಲಿ ಕೌಂಟಿಯವರ ಮೂಗು ಏಕೆ ಎಂಬುದು ಅವನ ವಾದ. ಲೈಸೆನ್ಸನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡು, "ಮೇಲಿನ ಪುಸ್ತಕದಲ್ಲಿ ಬರೆದಾಯ್ತು, ಇನ್ನು ನಿಮ್ಮನ್ನ ಅಳಿಸೋರು ಯಾರೂ ಇಲ್ಲ" ಎಂದು ಆಶೀರ್ವಾದ ಮಾಡಿ ಕಳಿಸುತ್ತಿದ್ದ. ಶನಿವಾರ ಒಗೆಯುವ ಮುಂಚೆ ಹೆಂಡತಿ ಆ ಜೇಬು ಬರಿದು ಮಾಡಿ ಕಾಗದವನ್ನು ಒಲೆ ಹೊತ್ತಿಸಲು ಬಳಸುತ್ತಿದ್ದಳು. ಹಳ್ಳದವರು ಯಾರೂ ಕಚೇರಿಗೆ ಹೋಗಿ ವಿಚಾರಿಸಲಿಲ್ಲ. ವಿಚಾರಿಸಿದರೆ ಬೋಧಕನ ಮೇಲೆ ಅನುಮಾನ ಪಟ್ಟಂತೆ. ಅಂಥ ಅಪಚಾರಕ್ಕಿಂತ ದಾಖಲೆ ಇಲ್ಲದೆ ಬದುಕುವುದೇ ವಾಸಿ ಎಂದುಕೊಂಡ ಜನ ಅವರು.

ಇದು ಮೊಜೆಲಳಿಗೆ ತಿಳಿದದ್ದು ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ. ಹೆಸರುಗಳ ಸೂಚಿ ಹೊಸದಾಗಿ ಬರೆಯಲು ಅವಳನ್ನು ಕೂರಿಸಿದ್ದರು. ಪುಟ ತಿರುಗಿಸುತ್ತ ಹೋದರೆ ಮೇಲೆ ಹೆಸರು, ಕೆಳಗೆ ಬಿಳಿ. ಇನ್ನೊಂದು, ಅದೂ ಹಾಗೇ. ಸ್ವಲ್ಪ ಹೊತ್ತಿನಲ್ಲಿ ಅವಳಿಗೆ ಹೆಸರುಗಳ ಗುರುತು ಹತ್ತಿತು. ಭಾನುವಾರದ ಶಾಲೆಯಲ್ಲಿ ಪಾಠ ಹೇಳಿದಾಕೆ, ಅಂಗಡಿಯ ದಂಪತಿ, ಸ್ವಂತ ಚಿಕ್ಕಮ್ಮ. ಇಡೀ ಹಳ್ಳಕ್ಕೆ ಹಳ್ಳವೇ ಸರ್ಕಾರದ ಲೆಕ್ಕದಲ್ಲಿ ಮದುವೆಯಾಗದೆ ಸಂಸಾರ ಮಾಡುತ್ತಿತ್ತು.

ಸಂಜೆ ಮನೆಗೆ ಹೋದವಳೇ ಕೋಟು ಕೂಡ ಬಿಚ್ಚದೆ ಅಪ್ಪನೆದುರು ನಿಂತಳು.

"ಅಪ್ಪಾ, ನೀನು ಮದುವೆ ಮಾಡಿಸಿದೋರ್ದೆಲ್ಲ ಖಾಲಿ ಇದೆ."

"ಖಾಲಿ ಎಲ್ಲಿದೆ? ಅವರ ಮನೆಗಳಿಗೆ ಹೋಗಿ ನೋಡು, ಕಾಲಿಡಕ್ಕೆ ಜಾಗ ಇಲ್ಲದ ಹಾಗೆ ಮಕ್ಕಳು."

"ತಮಾಷೆ ಮಾಡ್ಬೇಡ. ಈಗ್ಲೂ ಆಗುತ್ತೆ. ನಾನೇ ಕಾಗದ ತರ್ತೀನಿ, ನೀನು ಒಂದೊಂದಕ್ಕೂ ಸಹಿ ಹಾಕಿದ್ರೆ ಸಾಕು."

"ನೀನು ಅವರ ಸಂಬಳ ತಗೋತೀಯ ಮೊಜೀ, ಅವರ ಕೆಲಸ ಮಾಡು. ನಾನು ಅವರ ಆಳಲ್ಲ."

"ನಾಳೆ ಗಂಡ ಸತ್ರೆ ಹೆಂಡ್ತಿ ಎಲ್ಲಿಗೆ ಹೋಗ್ಬೇಕು?"

"ಪ್ರಾರ್ಥನೆಗೆ" ಎಂದು ಹೇಳಿ ಹೋಬರ್ಟ್ ಬೂಟಿನ ಲಾಡಿ ಕಟ್ಟಿಕೊಂಡು ಎದ್ದುಹೋದ.

ಆಮೇಲೆ ಎಷ್ಟು ಸಲ ಕೇಳಿದರೂ ಅವನು ಜಪ್ಪಯ್ಯ ಅನ್ನಲಿಲ್ಲ. ಕೊನೆಗೊಮ್ಮೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ಬಾಯಿಯೂ ತಿರುಗಿತು. ಬರೆಯುತ್ತೇನೆಂದರೂ ಕೈಯಿಲ್ಲ, ಬಾಯಿಂದ ಹೇಳುತ್ತೇನೆಂದರೂ ಮಾತಿಲ್ಲ. ಮೊಜೆಲ್ ವರ್ಷಗಟ್ಟಲೆ ಅವನಿಗೆ ಬೇಯಿಸಿದ ಹುರುಳಿಕಾಯಿ ಬೀಜವನ್ನು ಕಿವುಚಿ ಚಮಚದಲ್ಲಿ ತಿನ್ನಿಸಿದಳು, ಮೈ ತೊಳೆದಳು, ಆ ಸತ್ತ ಕೈಯ ಉಗುರನ್ನೂ ಕತ್ತರಿಸಿದಳು. ಅಪ್ಪನ ಮೇಲೆ ಅವಳಿಗೆ ಪ್ರೀತಿಯಿತ್ತು. ಆ ಕೈಯ ಮೇಲೆ ಮಾತ್ರ ಅವನನ್ನು ಮಣ್ಣು ಮಾಡಿದ ದಿನವೂ ಸಿಟ್ಟು ಹೋಗಲಿಲ್ಲ.

ಬೋಧಕ ಇಲ್ಲದಿದ್ದರೆ ಇನ್ನೊಂದು ದಾರಿ ಇತ್ತು. ಮದುವೆಗೆ ಹಾಜರಿದ್ದ ಇಬ್ಬರು ಬಂದು, ಕಣ್ಣಾರೆ ನೋಡಿದ್ದೇವೆ ಎಂದು ಜನ ಆರಿಸಿದ ಕಚೇರಿ ಮುಖ್ಯಸ್ಥ ಕೌಂಟಿ ಕ್ಲರ್ಕನ ಮುಂದೆ ದೃಢಪಡಿಸಿ ಸಹಿ ಹಾಕಿದರೆ ಕೆಳಗಿನ ಅರ್ಧ ತುಂಬಬಹುದು. ಮೊಜೆಲ್ ಅದನ್ನೇ ಜಪ ಮಾಡಿಕೊಂಡಳು. ದಿನಸಿ ಅಂಗಡಿಯಲ್ಲಿ, ಶವಸಂಸ್ಕಾರದ ಊಟದಲ್ಲಿ, ಪೆಟ್ರೋಲ್ ಬಂಕಿನಲ್ಲಿ ಹಳ್ಳದವರು ಸಿಕ್ಕಲ್ಲೆಲ್ಲ ಅಡ್ಡಗಟ್ಟುತ್ತಿದ್ದಳು. "ನಿಮ್ಮ ಮದುವೆ ನೋಡಿದೋರು ಬದುಕಿರೋವಾಗ್ಲೇ ಕರ್ಕೊಂಡು ಬನ್ನಿ" ಎನ್ನುತ್ತಿದ್ದಳು. ಕೆಲವರು ಬಂದರು. ಬಹಳ ಜನ ನಕ್ಕರು. ಅಪ್ಪನ ಮಾತನ್ನು ಮಗಳು ಸುಳ್ಳು ಮಾಡಲು ಹೊರಟಿದ್ದಾಳೆಂದು ಮುಖ ತಿರುಗಿಸಿದವರೂ ಇದ್ದರು.

ಡೆಲ್ಬರ್ಟ್ ಪ್ರೇಟರ್ ಎಂಬವನಂತೂ ಅಂಗಡಿಯಲ್ಲಿ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ್ದ: "ನಾಲ್ಕು ಮಕ್ಕಳಾದ್ಮೇಲೆ ಮದುವೆ ಆಗಿದೆಯೋ ಇಲ್ವೋ ಅಂತ ನೋಡಕ್ಕೆ ಹೋದ್ರೆ ನಮ್ಮ ಎಥಲೀನ್‌ಗೆ ಬೇರೆ ಯೋಚ್ನೆ ಬಂದ್ಬಿಡುತ್ತೆ ಕಣವ್ವಾ. ನನ್ನ ಸಂಸಾರ ಯಾಕೆ ಒಡೀತೀಯ, ಸುಮ್ನಿರು."

ಅಂಗಡಿಯೆಲ್ಲ ನಕ್ಕಿತು. ಪಕ್ಕದಲ್ಲಿ ಆಲೂಗಡ್ಡೆ ಆರಿಸುತ್ತಿದ್ದ ಎಥಲೀನ್, "ಈಗ ಬಿಡುಗಡೆ ಕೊಡ್ತೀನಿ ಅಂದ್ರೂ ನಿನ್ನ ಯಾರು ತಗೋತಾರೆ?" ಎಂದಳು. ಮೊಜೆಲ್ ಕೂಡ ನಕ್ಕಿದ್ದಳು.

ಆ ಎಥಲೀನ್ ಒಂದು ಅಕ್ಟೋಬರ್ ಬೆಳಿಗ್ಗೆ ಗೋಡೆ ಹಿಡಿದುಕೊಂಡು ನೆಲಮಾಳಿಗೆಯ ಕಚೇರಿಗೆ ಮೆಟ್ಟಿಲು ಇಳಿದು ಬಂದಳು. ಡೆಲ್ಬರ್ಟ್ ತೀರಿಕೊಂಡು ತಿಂಗಳಾಗಿತ್ತು. ಅವಳಿಗೂ ಹೃದಯ ಸೋತಿತ್ತು, ತುಟಿ ನೀಲಿಗಟ್ಟಿತ್ತು. ಮೊಜೆಲ್ ಒಳಗಿನಿಂದ ತನ್ನ ಕುರ್ಚಿಯನ್ನೇ ತಂದು ಕೂರಿಸಿದಳು.

"ಮೊಜೀ, ನಂದೊಂದು ಮದುವೆ ಕಾಗದ ಬೇಕಿತ್ತು."

ಮೊಜೆಲಳ ಆ ಹಳೆಯ ನಿಟ್ಟುಸಿರು ಹೊರಬಿತ್ತು.

"ಗೊತ್ತು, ಗೊತ್ತು. ನೀನು ಬಡ್ಕೊಂಡೆ, ನಾವು ಕೇಳ್ಲಿಲ್ಲ. ಬೈಯೋದಾದ್ರೆ ಬೇಗ ಬೈದ್ಬಿಡು, ನಂಗೆ ಉಸಿರು ಸಾಲಲ್ಲ."

ವಿಷಯ ಇಷ್ಟು. ಡೆಲ್ಬರ್ಟ್ ಹುಡುಗನಾಗಿದ್ದಾಗ ಸೈನ್ಯಕ್ಕೆ ಎಳೆದೊಯ್ಯಲ್ಪಟ್ಟು ವಿಯೆಟ್ನಾಮ್ ನೋಡಿ ಬಂದವನು. ಅವನನ್ನು ಎರಡು ಕೌಂಟಿ ಆಚೆಯ ಸೈನಿಕರ ಸ್ಮಶಾನದಲ್ಲಿ ಮಣ್ಣು ಮಾಡಿದ್ದರು. ಅಲ್ಲಿ ಸೈನಿಕನ ಹೆಂಡತಿ ಸತ್ತರೆ ಅದೇ ಗುಂಡಿಯಲ್ಲಿ ಅವನ ಮೇಲೆ ಅವಳನ್ನು ಇಡುತ್ತಾರೆ. ಒಂದೇ ಕಲ್ಲು, ಮುಂಭಾಗದಲ್ಲಿ ಅವನ ಹೆಸರು, ಹಿಂಭಾಗದಲ್ಲಿ ಅವಳದು. ಅದಕ್ಕೆ ಮದುವೆಯ ದಾಖಲೆ ಬೇಕು. ಸೈನ್ಯದ ಕಾಗದದಲ್ಲಿ ಡೆಲ್ಬರ್ಟ್ ಇವಳನ್ನು ಹೆಂಡತಿ ಎಂದು ಬರೆದಿದ್ದ, ಆದರೆ ಅದು ಅವನ ಮಾತು, ದಾಖಲೆಯಲ್ಲ ಎಂದು ಸ್ಮಶಾನದ ಕಚೇರಿಯವರು ಹಿಂದಿರುಗಿಸಿದ್ದರು.

"ಡಾಕ್ಟ್ರು ಕ್ರಿಸ್‌ಮಸ್ ಮಾತಾಡ್ತಾರೆ, ಬೇಸಿಗೆ ಮಾತು ಎತ್ತೋದೇ ಇಲ್ಲ" ಎಂದಳು ಎಥಲೀನ್. "ನಂಗೆ ಸಾಯೋ ಭಯ ಇಲ್ಲ ಕಣೆ. ಅವನನ್ನ ಅಲ್ಲಿ ಬಿಟ್ಟು ನಾನೊಬ್ಳೇ ಇಲ್ಲಿ ಗುಡ್ಡದ ಮೇಲೆ ಮಲಗೋದು ನಂಗಾಗಲ್ಲ. ಅವನು ಸೈನ್ಯದಲ್ಲಿದ್ದಾಗ ಒಂದು ವರ್ಷ ಒಬ್ಳೇ ಮಲಗಿದೀನಿ, ಅದೇ ಸಾಕು."

ಮೊಜೆಲ್ ಪುಸ್ತಕ ತಂದು ತೆರೆದಳು. ನೋಡುವ ಅಗತ್ಯವೇನೂ ಇರಲಿಲ್ಲ. ಡೆಲ್ಬರ್ಟ್ ಪ್ರೇಟರ್, ಎಥಲೀನ್ ಹಾಲ್. ಕೆಳಗೆ ಬಿಳಿ.

ಒಬ್ಬಳು ಸಾಕ್ಷಿ ಸುಲಭವಾಗಿ ಸಿಕ್ಕಿದಳು. ಎಥಲೀನಳ ಚಿಕ್ಕಪ್ಪನ ಮಗಳು ವರ್ಜಿ, ಮದುವೆಯ ಕಾಲಕ್ಕೆ ಲಂಗ ಹಾಕಿಕೊಂಡು ಓಡಾಡುತ್ತಿದ್ದ ಹುಡುಗಿ, ಈಗ ಮಂಡಿ ನೋವಿನ ಮುದುಕಿ. ಮಾರನೇ ದಿನವೇ ಊರುಗೋಲು ಕುಟ್ಟಿಕೊಂಡು ಬಂದು, "ನೋಡಿದೀನಿ, ಈ ಎರಡು ಕಣ್ಣಲ್ಲೇ ನೋಡಿದೀನಿ, ಎಲ್ಲಿ ಹಾಕ್ಲಿ ಸಹಿ?" ಎಂದು ಒಂದೇ ಉಸಿರಿನಲ್ಲಿ ಮುಗಿಸಿ ಹೋದಳು. ಅಷ್ಟು ಖಚಿತವಾಗಿ ಮಾತಾಡುವವರನ್ನು ಕಂಡರೆ ಮೊಜೆಲಳಿಗೆ ಒಳಗೊಳಗೇ ಹೊಟ್ಟೆಕಿಚ್ಚು.

ಎರಡನೆಯವರು ಸಿಗಲಿಲ್ಲ. ಎಥಲೀನ್ ನೆನಪಿಸಿಕೊಂಡು ಹೆಸರು ಹೇಳುತ್ತ ಹೋದಳು, ಮೊಜೆಲ್ ಅವರು ಯಾವ ಗುಡ್ಡದಲ್ಲಿ ಮಲಗಿದ್ದಾರೆಂದು ಹೇಳುತ್ತ ಹೋದಳು. ಡೇಟನ್ ಪಟ್ಟಣದಲ್ಲಿ ಡೆಲ್ಬರ್ಟನ ಗೆಳೆಯನೊಬ್ಬ ಇದ್ದಾನೆಂದು ಆಸೆಯಿಂದ ಫೋನ್ ಮಾಡಿದರೆ, ಅಪ್ಪ ಹೋಗಿ ಆರು ತಿಂಗಳಾಯಿತು, ಯಾರು ನೀವು ಎಂದು ಮಗಳು ಕೇಳಿದಳು. ಚರ್ಚಿನ ಪುಸ್ತಕ ನೋಡೋಣವೆಂದರೆ ಬ್ರದರ್ ಹೋಬರ್ಟ್ ಅದನ್ನೂ ಇಟ್ಟವನಲ್ಲ. ಫೋಟೋ? ಫೋಟೋ ತೆಗೆಸುವುದು ಅಹಂಕಾರವೆಂದು ಅವನೇ ನಿಷೇಧಿಸಿದ್ದ. ಎಲ್ಲಿ ಹೋದರೂ ಅಪ್ಪ ಬಾಗಿಲಲ್ಲಿ ಅಡ್ಡ ನಿಂತಿದ್ದಾನೆ ಅನ್ನಿಸಿ ಮೊಜೆಲಳಿಗೆ ತಲೆ ಚಿಟ್ಟು ಹಿಡಿಯಿತು. ಮಧ್ಯಾಹ್ನದ ಊಟದ ಹೊತ್ತನ್ನೆಲ್ಲ ಫೋನಿನಲ್ಲಿ ಕಳೆದಳು. ಎಥಲೀನ್ ಪ್ರತಿವಾರ ಬಂದು, ಆ ಕುರ್ಚಿಯಲ್ಲಿ ಕೂತು, ಸ್ವಲ್ಪ ಸುಧಾರಿಸಿಕೊಂಡು, ಏನಾಯಿತೆಂದು ಕೇಳಿ ಹೋಗುತ್ತಿದ್ದಳು. ಬರುಬರುತ್ತ ಸುಧಾರಿಸಿಕೊಳ್ಳುವ ಹೊತ್ತು ಹೆಚ್ಚಾಯಿತು.

ನವೆಂಬರ್ ಕೊನೆಯಲ್ಲಿ ಬಂದವಳು ಕೂತು ಕೋಟಿನ ಗುಂಡಿ ಬಿಚ್ಚಿಕೊಂಡಳು. ಆಮೇಲೆ, "ನೀನಿದ್ದೀಯಲ್ಲ" ಎಂದಳು.

"ಏನು?"

"ನೀನೂ ಇದ್ದೆ. ನಿಮ್ಮಮ್ಮ ಮದುವೆಗಳಲ್ಲಿ ಗಿಟಾರ್ ನುಡಿಸ್ತಿದ್ಲು, ನಿನ್ನ ಜೊತೆಗೆ ಕಟ್ಕೊಂಡೇ ಬರ್ತಿದ್ಲು. ನೀನೇ ಸಾಕ್ಷಿ."

"ನಂಗಾಗ ಆರು ವರ್ಷ ಸಿಸ್ಟರ್."

"ಆರು ವರ್ಷದೋರಿಗೆ ಕಣ್ಣಿರಲ್ವಾ?"

"ಕಣ್ಣಿತ್ತು. ನೆನಪಿಲ್ಲ."

ನಿಜವಾಗಿಯೂ ಇರಲಿಲ್ಲ. ಬಾಲ್ಯದಲ್ಲಿ ನೋಡಿದ ಮದುವೆಗಳೆಲ್ಲ ಅವಳ ತಲೆಯಲ್ಲಿ ಒಂದೇ ಮದುವೆಯಾಗಿ ಕಲಸಿಹೋಗಿದ್ದವು. ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ, ಅಮ್ಮನ ಬೆರಳು, ಅಪ್ಪನ ಗದ್ಗದ ದನಿ. ವಧುವಿನ ಮುಖ ಯಾವುದರಲ್ಲೂ ಇರಲಿಲ್ಲ.

ಎಥಲೀನ್ ಬಿಡಲಿಲ್ಲ. ನೆನಪು ಮಾಡಿಸುತ್ತೇನೆಂದು ಹಟ ಹಿಡಿದಳು. ಉಸಿರೆಳೆದುಕೊಳ್ಳುತ್ತ ಒಂದೊಂದೇ ಹೇಳಿದಳು.

"ನೀನು ಹಳದಿ ಫ್ರಾಕ್ ಹಾಕ್ಕೊಂಡು ಮುಂದಿನ ಬೆಂಚಲ್ಲಿ ಕೂತಿದ್ದೆ. ಒಬ್ಬೊಬ್ರ ಮನೆಯಿಂದ ಒಂದೊಂದು ಪದರ ತಂದು ಕೇಕ್ ಪೇರಿಸಿದ್ರಲ್ಲ, ಮಧ್ಯೆ ಒಣ ಸೇಬು ಹಚ್ಚಿ. ನೀನು ಹೋಗಿ ಮೇಲಿನ ಪದರ ಎತ್ತಿ ಸೇಬು ನೆಕ್ಕಿಬಿಟ್ಟೆ. ನಿಮ್ಮಪ್ಪ ಎಲ್ರ ಮುಂದೆ ನಿನ್ನ ಕಿವಿ ಹಿಂಡಿದ್ರು."

"ನಮ್ಮಪ್ಪ ನನ್ನ ಕಿವಿ ಯಾವತ್ತೂ ಹಿಂಡಿಲ್ಲ."

"ಅವತ್ತು ಹಿಂಡಿದ್ರು."

ಮೊಜೆಲ್ ಕಣ್ಣು ಮುಚ್ಚಿದಳು. ಹಳದಿ ಫ್ರಾಕು ಕಂಡಿತು. ಕೇಕು ಕಂಡಿತು. ಸೇಬಿನ ಹುಳಿ ಕೂಡ ನಾಲಿಗೆಗೆ ಬಂದಂತಾಯಿತು. ಆದರೆ ಅವಳು ಈ ಕಿಟಕಿಯ ಹಿಂದೆ ಕೂತು ಸುಮ್ಮನೆ ಕೂದಲು ನರೆಸಿಕೊಂಡಿರಲಿಲ್ಲ. ಹೇಳಿದ್ದನ್ನೇ ಕೇಳಿ ಕೇಳಿ, ನೋಡದ ಬೇಲಿಯನ್ನು ನೋಡಿದೆನೆಂದು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದವರನ್ನು ಎಷ್ಟೋ ಕಂಡಿದ್ದಳು. ಅವರೆಲ್ಲರನ್ನೂ ಬರಿಗೈಯಲ್ಲಿ ಹಿಂದಕ್ಕೆ ಕಳಿಸಿದ್ದಳು. ಈ ಫ್ರಾಕು ಈಗ ಹೊಲಿದದ್ದು ಎಂದು ಅವಳಿಗೆ ಗೊತ್ತಿತ್ತು.

"ಆಗಲ್ಲ ಸಿಸ್ಟರ್. ನೆನಪಿಲ್ಲದ್ದನ್ನ ನೋಡಿದೀನಿ ಅಂತ ಹೇಗೆ ಹೇಳ್ಲಿ?"

ಹಿಂದಿನಿಂದ ಡ್ವೈಟ್ ಬಂದ. ಅವನೇ ಕೌಂಟಿ ಕ್ಲರ್ಕ್, ಎರಡನೇ ಸಲ ಚುನಾವಣೆ ಗೆದ್ದು ಬಂದವನು, ಮೊಜೆಲಳ ಅರ್ಧ ವಯಸ್ಸಿನವನು. ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಹಾಕ್ಬಿಡಿ ಮಿಸ್ ಮೊಜೆಲ್. ಯಾರು ಬಂದು ಕೇಳ್ತಾರೆ?"

"ಕೇಳಕ್ಕೆ ನಾನೇ ಇದೀನಲ್ಲ."

"ಪ್ರೇಟರ್ ಮನೆತನ ದೊಡ್ಡದು. ಈ ಚಳೀಲಿ ಆ ಅಮ್ಮನ್ನ ಎಷ್ಟು ಸಲ ಮೆಟ್ಟಿಲು ಹತ್ತಿಸ್ತೀರಿ?"

"ನಿಂಗೆ ಓಟಿನ ಚಿಂತೆ. ಇಷ್ಟು ವರ್ಷ ಈ ಕಿಟಕೀಲಿ ಇಲ್ಲ ಅಂತ ಹೇಳಿದೋಳು ನಾನು. ಹಾಗೆ ಹೇಳಿಸ್ಕೊಂಡೋರಿಗೆಲ್ಲ ಈಗ ಏನ್ ಹೇಳ್ಲಿ?"

ಡ್ವೈಟ್ ಭುಜ ಕುಣಿಸಿ ಒಳಗೆ ಹೋದ. ಎಥಲೀನ್ ಎದ್ದು ನಿಂತಳು. ನಿಲ್ಲಲು ಕಟ್ಟೆ ಹಿಡಿದುಕೊಳ್ಳಬೇಕಾಯಿತು. ಅವಳ ಮುಖದಲ್ಲಿ ಅಳುವಿರಲಿಲ್ಲ, ಕೋಪವಿತ್ತು.

"ಅಪ್ಪನ ಮಗಳೇ ನೀನು. ಅವನು ದೇವ್ರ ಹೆಸ್ರಲ್ಲಿ ಬರೀಲಿಲ್ಲ, ನೀನು ಕೌಂಟಿ ಹೆಸ್ರಲ್ಲಿ ಬರಿಯಲ್ಲ. ಇಬ್ರಿಗೂ ನಿಮ್ಮ ನಿಮ್ಮ ಕೈ ಚೊಕ್ಕವಾಗಿರ್ಬೇಕು. ಒಬ್ಬಂಟಿಯಾಗಿ ಮಣ್ಣಿಗೆ ಹೋಗೋಳು ಮಾತ್ರ ನಾನು."

ಹೇಳಿ ಹೋದಳು. ಮೆಟ್ಟಿಲ ಮೇಲೆ ಅವಳು ನಿಂತು ನಿಂತು ಹತ್ತುವ ಸದ್ದು ಬಹಳ ಹೊತ್ತು ಕೇಳಿಸಿತು. ಮೊಜೆಲ್ ಎದ್ದು ಕೈ ಹಿಡಿಯಲು ಹೋಗಲಿಲ್ಲ. ಹೋಗಬೇಕಿತ್ತು.

ಆ ಮಾತು ಅವಳ ಜೊತೆ ಮನೆಗೆ ಬಂತು. ಮೆಕ್ಕೆಜೋಳದ ಬ್ರೆಡ್ಡನ್ನು ಮಜ್ಜಿಗೆಯಲ್ಲಿ ಮುರಿದುಕೊಂಡು ಕೂತಾಗ ಎದುರಿಗೆ ಕೂತಿತು, ಭಾನುವಾರ ಚರ್ಚಿನಲ್ಲಿ ಪಕ್ಕದ ಜಾಗ ಹಿಡಿಯಿತು. ಮೊದಲು ಸಿಟ್ಟು ಬಂತು. ನಾನು ಅವನ ಹಾಗಾ? ಅವನು ಕೆಡಿಸಿದ್ದನ್ನು ಸರಿಮಾಡುತ್ತ ನನ್ನ ಬದುಕು ಹೋಯಿತು, ನಾನು ಅವನ ಹಾಗಾ? ಸಿಟ್ಟು ಇಳಿದ ಮೇಲೆ ಉಳಿದದ್ದು ಸುಸ್ತು. ಅಪ್ಪ ಬಿಳಿಯಾಗಿ ಬಿಟ್ಟ ಪುಟವನ್ನು ತಾನೂ ಬಿಳಿಯಾಗಿಯೇ ಕಾಯುತ್ತಿದ್ದೇನೆ ಎಂಬುದು ಅವಳಿಗೆ ಹೊಳೆದಾಗ ಅದರಲ್ಲಿ ದೊಡ್ಡ ಬೆಳಕೇನೂ ಇರಲಿಲ್ಲ. ಸಾಕಾಗಿಹೋಗಿತ್ತು, ಅಷ್ಟೆ. ಸೋಮವಾರ ಬೆಳಿಗ್ಗೆ ಎಥಲೀನಳ ಮನೆಗೆ ತಾನೇ ಕಾರು ಓಡಿಸಿಕೊಂಡು ಹೋದಳು.

"ಕೋಟು ಹಾಕ್ಕೋ" ಎಂದಳು.

ಎಥಲೀನ್ ಕೋಟು ಹಾಕಿಕೊಂಡಳು.

ಸ್ಟಿಲ್‌ಹೌಸ್ ಚರ್ಚಿನವರು ಆಣೆ ಇಡುವುದಿಲ್ಲ, ಅದು ಅವರಿಗೆ ಪಾಪ. ಮಾತಿನಲ್ಲಿ ದೃಢಪಡಿಸುತ್ತಾರೆ, ಅಷ್ಟೆ. ಡ್ವೈಟ್ ನಿಂತು ಓದಿದ. ಮದುವೆ ನಡೆದಾಗ ನೀವು ಅಲ್ಲಿ ಹಾಜರಿದ್ದಿರಾ? ಇದ್ದೆ. ಕಣ್ಣಾರೆ ನೋಡಿದಿರಾ? ನೋಡಿದೆ. ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಮೊಜೆಲ್ ಅಂದುಕೊಂಡಿದ್ದಳು. ಸಿಕ್ಕಿಕೊಳ್ಳಲಿಲ್ಲ, ಪ್ರತಿದಿನ ಹೇಳುವ ಮಾತಿನಷ್ಟು ಸಲೀಸಾಗಿ ಹೊರಗೆ ಬಂತು. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ಆಮೇಲೆ ಪೆನ್ನು ತೆಗೆದುಕೊಂಡು ಪುಟದ ಕೆಳಗಿನ ಅರ್ಧವನ್ನು ತನ್ನ ಕೈಯಾರೆ ತುಂಬಿದಳು. ಮದುವೆ ಮಾಡಿಸಿದವರು ಎಂಬಲ್ಲಿ ಹೋಬರ್ಟ್ ಕಾಡಿಲ್ ಎಂದು ಬರೆದಳು. ನಕಲು ತೆಗೆದು ಮೊಹರು ಒತ್ತಿ ಕೊಟ್ಟಳು.

ಎಥಲೀನ್ ಅದನ್ನು ಮಡಿಲಲ್ಲಿಟ್ಟುಕೊಂಡು ಮೊಹರಿನ ಉಬ್ಬನ್ನು ಹೆಬ್ಬೆರಳಿನಿಂದ ಸವರುತ್ತ ಕೂತಳು. ಧನ್ಯವಾದ ಹೇಳಲಿಲ್ಲ. ಮನೆಯ ಬಾಗಿಲಲ್ಲಿ ಇಳಿಸುವಾಗ ಮಾತ್ರ ಮೊಜೆಲಳ ಕೆನ್ನೆ ಮುಟ್ಟಿ, "ನಿಂಗೆ ಬಹಳ ಕಷ್ಟ ಕೊಟ್ಟೆ ಮಗಾ" ಎಂದಳು.

ಮುಂದಿನ ವಾರ ಕಿಟಕಿಗೆ ಒಬ್ಬ ನಡುವಯಸ್ಸಿನವನು ಬಂದ. ಅವನ ತಾಯಿಯ ಜಮೀನಿಗೆ ದಾರಿಯ ಹಕ್ಕು ಇತ್ತಂತೆ, ಕಾಗದವಿಲ್ಲವಂತೆ. ಜೊತೆಗೆ ಕರೆತಂದಿದ್ದ ನೆರೆಯ ಮುದುಕನಿಗೆ ಆ ದಾರಿ ಎಲ್ಲಿತ್ತೆಂದು ಸರಿಯಾಗಿ ನೆನಪಿಲ್ಲ, ಇತ್ತು ಎಂಬುದಷ್ಟೇ ಗೊತ್ತು. ನೆನಪಿಲ್ಲದ್ದಕ್ಕೆ ಸಾಕ್ಷಿ ಹೇಳಿಸಲು ಬರುವುದಿಲ್ಲ ಎಂಬ ಮಾತು ಮೊಜೆಲಳ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಸಾವಿರ ಸಲ ಹೇಳಿದ ಮಾತು. ಬಾಯಿ ತೆರೆದಳು, ಅದು ಬರಲಿಲ್ಲ. ಆ ಮನುಷ್ಯ ಟೋಪಿ ಕೈಯಲ್ಲಿ ಹಿಡಿದು ಕಾಯುತ್ತಿದ್ದ. ಅವಳು "ಒಂದ್ನಿಮಿಷ" ಎಂದು ಎದ್ದು ಡ್ವೈಟನ ಕೋಣೆಗೆ ಹೋಗಿ, ಈ ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆ ಎಂದು ಹೇಳಿದಳು.

ಬೀಳ್ಕೊಡುಗೆಗೆ ಅಂಗಡಿಯ ಕೇಕು ತರಿಸಿದರು. ಡ್ವೈಟ್ ಅವಳನ್ನು ಕಚೇರಿಯ ಆಧಾರಸ್ತಂಭ ಎಂದು ಕರೆದ. ಕಾರಿನ ನಂಬರ್ ಪ್ಲೇಟಿಗೆ ಬಂದವರೂ ಒಂದೊಂದು ತುಂಡು ತಿಂದು ಹೋದರು.

ಎಥಲೀನ್ ಫೆಬ್ರವರಿಯಲ್ಲಿ ಹೋದಳು. ಸೈನಿಕರ ಸ್ಮಶಾನದವರು ತಕರಾರಿಲ್ಲದೆ ಅವಳನ್ನು ಡೆಲ್ಬರ್ಟನ ಮೇಲೆ ಇಟ್ಟರು. ಕಲ್ಲಿನ ಹಿಂಭಾಗ ಕೆತ್ತಿ ಮುಗಿಯಲು ಮೇ ತಿಂಗಳಾಯಿತು. ವರ್ಜಿಗೆ ಮಂಡಿಯಿಂದಾಗಿ ಕಾರು ಓಡಿಸಲಾಗುತ್ತಿರಲಿಲ್ಲ, ನೋಡಿಕೊಂಡು ಬರೋಣ ಕರ್ಕೊಂಡು ಹೋಗು ಎಂದು ಫೋನ್ ಮಾಡಿದಳು. ಮೊಜೆಲಳಿಗೂ ಬೇರೆ ಕೆಲಸವಿರಲಿಲ್ಲ.

ಬಿಳಿಯ ಕಲ್ಲುಗಳು ಸಾಲುಸಾಲಾಗಿ ನಿಂತಿದ್ದವು. ವರ್ಜಿ ಊರುಗೋಲಿನಲ್ಲಿ ಕಲ್ಲಿನ ಹಿಂದೆ ಹೋಗಿ, ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದಳು. "ಎಥಲೀನ್. ಅವನ ಹೆಂಡತಿ." ಮತ್ತೊಮ್ಮೆ ಓದಿದಳು. ಆಮೇಲೆ ಮೊಜೆಲಳ ಕಡೆ ತಿರುಗಿದಳು.

"ಇನ್ನೀಗ ಹೇಳಿದ್ರೆ ತಪ್ಪಿಲ್ಲ. ಅವತ್ತು ನೀನು ಮದುವೇಲಿ ಇರ್ಲಿಲ್ಲ ಕಣೆ. ನಿಂಗೆ ದಡಾರ. ಮೈ ಕೆಂಡ ಆಗಿತ್ತು. ನಿಮ್ಮಮ್ಮ ಗಿಟಾರ್ ನುಡಿಸ್ಬೇಕಿತ್ತಲ್ಲ, ನಿನ್ನ ಮನೇಲಿ ಬಿಟ್ಟು ಹೋದ್ಲು."

ಮೊಜೆಲಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಅಪ್ಪ ಹಿಂಡದ ಕಿವಿ ಆಗಲೇ ಹೇಳಿತ್ತು.

"ಎಥಲೀನ್‌ಗೂ ಗೊತ್ತಿತ್ತಾ?"

"ಗೊತ್ತಿಲ್ದೆ? ಮದುವೆ ಮುಗಿದ್ಮೇಲೆ ನಿಂಗೆ ಕೇಕ್ ಕಳ್ಸಿದ್ದೇ ಅವ್ಳು. ನೀನು ವಾಂತಿ ಮಾಡ್ಕೊಂಡೆ."

"ನಿಂಗಿದೆಲ್ಲ ಹೇಗೆ ಗೊತ್ತು?"

"ಜ್ವರ ಬಂದ ಮಗೂನ ಒಂದನ್ನೇ ಬಿಟ್ಟು ಹೋಗ್ತಾರಾ ಯಾರಾದ್ರೂ? ನಂಗಾಗ್ಲೇ ದಡಾರ ಬಂದು ಹೋಗಿತ್ತು. ನಿನ್ನ ತಲೆ ಮೇಲೆ ಒದ್ದೆ ಬಟ್ಟೆ ಹಾಕ್ಕೊಂಡು ಕೂತಿದ್ದೋಳು ನಾನೇ."

ಅರ್ಥವಾಗಲು ಮೊಜೆಲಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಲಾರ್ಕಿನ್ ಕೌಂಟಿಯ ಮದುವೆ ಪುಸ್ತಕದಲ್ಲಿ ಆ ಪುಟಕ್ಕೆ ಇಬ್ಬರು ಸಾಕ್ಷಿಗಳು. ಮದುವೆಯ ಹೊತ್ತಿಗೆ ಇಬ್ಬರೂ ಒಂದೇ ಹಾಸಿಗೆಯ ಬಳಿ, ಹಳ್ಳದ ಈಚೆ.

"ಹಾಗಾದ್ರೆ ನೀನೂ ನೋಡ್ಲಿಲ್ಲ."

"ಎಲ್ಲಿಂದ ನೋಡ್ಲಿ? ಹಾಡು ಕೇಳಿಸ್ತು. ಹಳ್ಳದ ಆಚೆಯಿಂದ, ಬಾಗಿಲು ತೆಗೆದಿಟ್ಟಿದ್ದೆ. ನೀನು ಆ ಜ್ವರದಲ್ಲೂ ಹೋಗ್ಬೇಕು ಹೋಗ್ಬೇಕು ಅಂತ ಅಳ್ತಿದ್ದೆ."

ಮೊಜೆಲ್ ಕಲ್ಲಿನ ಮೇಲೆ ಕೈಯಿಟ್ಟಳು.

"ಯಾವ ಹಾಡು?"

ವರ್ಜಿ ಹೇಳಲು ಬಾಯಿ ತೆರೆದವಳು ಸ್ವಲ್ಪ ಯೋಚಿಸಿ ಮುಚ್ಚಿದಳು.

"ಅದು ನೆನಪಿಲ್ಲ ಕಣೆ. ಸುಮ್‌ಸುಮ್ನೆ ಸುಳ್ಳು ಯಾಕೆ ಹೇಳ್ಲಿ."

ಮೊಜೆಲಳಿಗೆ ನಗು ಬಂತು. ಎಷ್ಟೋ ವರ್ಷದಿಂದ ಹಾಗೆ ನಕ್ಕಿರಲಿಲ್ಲ. ಕಲ್ಲನ್ನು ಹಿಡಿದುಕೊಂಡು ನಗುತ್ತ ನಗುತ್ತಲೇ ಅತ್ತಳು. ವರ್ಜಿ ಏನಾಯಿತೆಂದು ಕೇಳಲಿಲ್ಲ, ತನ್ನ ಮಂಡಿ ನೋಯುತ್ತಿದ್ದರೂ ಅವಳ ಅಳು ಮುಗಿಯುವವರೆಗೆ ಪಕ್ಕದಲ್ಲಿ ನಿಂತಿದ್ದಳು.